ಮೀನು ಕೊನೆಗೆ ಬರಲಿ: ರೂಮಿನ ಅಡುಗೆಮನೆಗೊಂದು ಬಟ್ಟಲೂಟ

ಮೊದಲೇ ಹೇಳಿಬಿಡ್ತೀವಿ. ರೂಮ್ ಮಾಡ್ಕೊಂಡು ಓದ್ತಿರೋ ನಮ್ಮಂಥವರಿಗೆ ಒಂದು ಬಟ್ಟಲು ಬಿಸಿ ಅನ್ನ, ಅದರ ಮೇಲೆ ಒಂದಿಷ್ಟು ಸಿಗಡಿ ಅಥವಾ ಬಂಗುಡೆ, ಪಕ್ಕದಲ್ಲಿ ಸೊಪ್ಪು, ಮೇಲಿಂದ ಹುಳಿ-ಖಾರದ ಗೊಜ್ಜು ಇದ್ದರೆ ಅದಕ್ಕಿಂತ ಒಳ್ಳೆಯ ರಾತ್ರಿಯೂಟ ಇನ್ನೊಂದಿಲ್ಲ. ಬೇಗ ಆಗುತ್ತೆ, ಮೈಗೆ ಹಿಡಿಯುತ್ತೆ, ಜೇಬಿಗೂ ಭಾರ ಅಲ್ಲ. ಇಷ್ಟೇ ಆಗಿದ್ದರೆ ಬರೀ ರೆಸಿಪಿ ಬರೆದು ಸುಮ್ಮನಾಗ್ತಿದ್ವಿ. ನಮ್ಮ ವಾದ ಇನ್ನೊಂದು ಹೆಜ್ಜೆ ಮುಂದಿದೆ: ಬೇರೆ ಬೇರೆ ಊಟದ ಅಭ್ಯಾಸ ಇರೋರು ಒಂದೇ ಅಡುಗೆಮನೆಯಲ್ಲಿ ಜಗಳ ಇಲ್ಲದೆ ಬದುಕೋಕೆ ಈ ಬಟ್ಟಲೂಟಕ್ಕಿಂತ ಸುಲಭದ ದಾರಿ ನಮಗೆ ಕಂಡಿಲ್ಲ.

ನಾವು ಅಂದ್ರೆ ನಾಲ್ಕು ಜನ. ಬೆಂಗಳೂರಿನ ಒಂದು ಬಾಡಿಗೆ ಮನೆ, ಒಂದು ಇಂಡಕ್ಷನ್ ಸ್ಟವ್, ಒಂದು ಕುಕ್ಕರ್, ಒಂದು ಬಾಣಲೆ, ಒಂದು ತವಾ. ಕುಂದಾಪುರದವನೊಬ್ಬ, ಮಂಡ್ಯದವನೊಬ್ಬ, ದಾವಣಗೆರೆಯವನೊಬ್ಬ, ಗದಗಿನವನೊಬ್ಬ. ಕುಂದಾಪುರದವನಿಗೆ ವಾರಕ್ಕೆ ಎರಡು ಸಲ ಮೀನಿಲ್ಲದಿದ್ದರೆ ನಿದ್ದೆ ಬರಲ್ಲ. ಮಂಡ್ಯದವನಿಗೆ ಕೆರೆ ಮೀನು ಗೊತ್ತು, ಸಮುದ್ರದ್ದು ಹೊಸದು. ದಾವಣಗೆರೆಯವನು ಮನೇಲಿ ತಿನ್ನಲ್ಲ, ಹೊರಗಡೆ ತಿಂತಾನೆ. ಗದಗಿನವನು ಮೊಟ್ಟೆಯನ್ನೂ ಮುಟ್ಟೋದಿಲ್ಲ. ಅವನೂ ಈ ಲೇಖನಕ್ಕೆ ಸಹಿ ಹಾಕಿದ್ದಾನೆ. ಯಾಕೆ ಅನ್ನೋದು ಕೊನೆಯಲ್ಲಿ ಗೊತ್ತಾಗುತ್ತೆ.

ಟೈಮಿಲ್ಲ ಅನ್ನೋ ಮಾತು

ಅಡುಗೆ ಯಾಕೆ ಮಾಡಲ್ಲ ಅಂತ ಕ್ಯಾಂಪಸ್ಸಿನಲ್ಲಿ ಯಾರನ್ನೇ ಕೇಳಿ, ಬರೋ ಉತ್ತರ ಒಂದೇ: 'ಟೈಮೆಲ್ಲಿದೆ ಗುರು?' ಸರಿ, ಲೆಕ್ಕ ಹಾಕೋಣ. ಆಪ್ ತೆಗೆದು, ಏನು ತಿನ್ನೋದು ಅಂತ ಹದಿನೈದು ನಿಮಿಷ ಸ್ಕ್ರೋಲ್ ಮಾಡಿ, ಕೂಪನ್ ಹುಡುಕಿ, ಆರ್ಡರ್ ಕೊಟ್ಟು, ಡೆಲಿವರಿ ಅಣ್ಣ ಗೇಟ್ ಹತ್ರ ಬಂದು ಫೋನ್ ಮಾಡಿ, ನಾವು ಚಪ್ಪಲಿ ಹಾಕ್ಕೊಂಡು ಕೆಳಗಿಳಿಯೋ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿರುತ್ತೆ. ಬರೋ ಡಬ್ಬಿಯಲ್ಲಿ ಮುಕ್ಕಾಲು ಭಾಗ ಎಣ್ಣೆಯನ್ನ, ಮೂಲೆಯಲ್ಲಿ ಐದು ಸಿಗಡಿ. ನಾವು ಆರ್ಡರ್ ಮಾಡಿದಾಗೆಲ್ಲ ಒಂದು 'ಸೀಫುಡ್ ಬೌಲ್'ಗೆ 350ರಿಂದ 400 ರೂಪಾಯಿ ಬಿದ್ದಿದೆ. ಆ ದುಡ್ಡಿನ ಆಸುಪಾಸಿನಲ್ಲೇ ಮನೆಯಲ್ಲಿ ಮೂರು ಜನ ಹೊಟ್ಟೆ ತುಂಬ ತಿಂದಿದ್ದೀವಿ.

ಇನ್ನು ಮೀನಿನ ಅಡುಗೆ ಅಂದ್ರೆ ಅರ್ಧ ದಿನದ ಕೆಲಸ ಅನ್ನೋ ನಂಬಿಕೆ. ಅಮ್ಮ ತೆಂಗಿನಕಾಯಿ ತುರಿದು, ಮೆಣಸು ಹುರಿದು, ಮಸಾಲೆ ಅರೆದು ಮಾಡೋ ಮೀನು ಸಾರಿಗೆ ಅಷ್ಟು ಹೊತ್ತು ಬೇಕು, ಅದರ ರುಚಿಗೆ ನಮ್ಮ ಬಟ್ಟಲು ಪೈಪೋಟಿ ಕೊಡಲ್ಲ, ಕೊಡೋ ಆಸೆಯೂ ನಮಗಿಲ್ಲ. ಆದ್ರೆ ಹೊತ್ತು ಹಿಡಿಯೋದು ಮಸಾಲೆಗೆ, ಮೀನಿಗಲ್ಲ. ಕೋಳಿ, ಕುರಿಗಿಂತ ಮೀನು ಬೇಗ ಬೇಯೋದಕ್ಕೆ ಕಾರಣ ಇದೆ. ಮಾಂಸದ ನಾರುಗಳನ್ನ ಹಿಡಿದಿಡೋ ಕೊಲಾಜನ್ ಮೀನಿನಲ್ಲಿ ಕಡಿಮೆ. ಇರೋದೂ ಕಡಿಮೆ ಶಾಖಕ್ಕೇ ಕರಗಿಬಿಡುತ್ತೆ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಮೀನಿಗೆ 63 ಸಾಕು. ಮಧ್ಯಮ ಗಾತ್ರದ ಸಿಗಡಿ ಬಿಸಿ ತವಾದ ಮೇಲೆ ನಾಲ್ಕು ನಿಮಿಷದಲ್ಲಿ ರೆಡಿ. 'ಎರಡು ನಿಮಿಷದ' ನೂಡಲ್ಸ್ ಕೂಡ ನಿಜವಾಗಿ ಅಷ್ಟೇ ಹೊತ್ತು ತಗೊಳ್ಳುತ್ತೆ ಅನ್ನೋದು ಹಾಸ್ಟೆಲ್ಲಿನಲ್ಲಿ ಇದ್ದವರಿಗೆಲ್ಲ ಗೊತ್ತಿರೋ ಸತ್ಯ.

ಒಂದೇ ಸ್ಟವ್, ಇಪ್ಪತ್ತೈದು ನಿಮಿಷ

ಇನ್‌ಸ್ಟಾಗ್ರಾಮಿನ ಬಟ್ಟಲುಗಳನ್ನ ನೋಡಿ ಹೆದರಬೇಡಿ. ಆವಕಾಡೊ ಬೇಡ, ಸೋಯಾ ಸಾಸ್ ಬೇಡ, ಕಡಲಪಾಚಿ ಬೇಡ. ಅವೆಲ್ಲ ಹವಾಯಿಯ 'ಪೋಕೆ', ಜಪಾನಿನ 'ಡೊನ್‌ಬುರಿ' ಬಟ್ಟಲುಗಳ ಜೊತೆ ಬಂದವು. ಪೋಕೆ ಅಂದ್ರೆ ಹವಾಯಿ ಭಾಷೆಯಲ್ಲಿ ತುಂಡು ಮಾಡೋದು ಅಂತ ಅರ್ಥ, ಅಷ್ಟೇ. ಅವರ ಸಮುದ್ರದಲ್ಲಿ ಸಿಕ್ಕಿದ್ದನ್ನ ಅವರು ಹಾಕ್ಕೊಂಡರು, ನಮ್ಮ ಸಂತೆಯಲ್ಲಿ ಸಿಗೋದನ್ನ ನಾವು ಹಾಕ್ಕೊಳ್ಳೋಣ. ಒಂದು ಮಾತು ಮಾತ್ರ ನೆನಪಿರಲಿ: ಪೋಕೆಯಲ್ಲಿ ಮೀನು ಹಸಿಯಾಗಿರುತ್ತೆ. ಅದಕ್ಕೆ ಬೇಕಾದ ಹಾಗೆ ಶೀತಲೀಕರಿಸಿದ ಮೀನು ಬೇರೆ. ನಮ್ಮ ಮಾರ್ಕೆಟ್ಟಿನ ಮೀನನ್ನ ಬೇಯಿಸಿಯೇ ತಿನ್ನಬೇಕು.

ಮೂರ್ನಾಲ್ಕು ಜನಕ್ಕೆ ಬೇಕಾಗಿರೋದು ಇಷ್ಟು: ಒಂದೂವರೆ ಲೋಟ ಸೋನಾ ಮಸೂರಿ, ಕ್ಲೀನ್ ಮಾಡಿಸಿದ 400 ಗ್ರಾಂ ಸಿಗಡಿ, ಎರಡು ಕಟ್ಟು ಹರಿವೆ ಅಥವಾ ಪಾಲಕ್, ಒಂದು ಸೌತೆಕಾಯಿ, ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಚಿಕ್ಕ ನಿಂಬೆಹಣ್ಣಿನಷ್ಟು ಹುಣಸೆಹಣ್ಣು, ಒಂದು ಚೂರು ಬೆಲ್ಲ, ಅಚ್ಚಖಾರದ ಪುಡಿ, ಅರಿಶಿನ, ಕರಿಬೇವು, ಎಣ್ಣೆ, ಉಪ್ಪು, ಒಂದು ನಿಂಬೆಹಣ್ಣು. ಕಾಯಿತುರಿ ಇದ್ದರೆ ಇನ್ನೂ ಒಳ್ಳೇದು.

ಒಂದೇ ಸ್ಟವ್ ಇದ್ದಾಗ ಇದು ಪಕ್ಕಾ ಷೆಡ್ಯೂಲಿಂಗ್ ಸಮಸ್ಯೆ. ಆಪರೇಟಿಂಗ್ ಸಿಸ್ಟಮ್ ಕ್ಲಾಸಿನಲ್ಲಿ ನಿದ್ದೆ ಮಾಡಿದವರೂ ಇದನ್ನ ಬಿಡಿಸಬಹುದು. ಮೊದಲು ಅಕ್ಕಿ ತೊಳೆದು, ಮೂರು ಲೋಟ ನೀರು ಹಾಕಿ ಕುಕ್ಕರ್ ಇಡಿ. ಅದು ಕೂಗೋ ಹನ್ನೆರಡು ನಿಮಿಷದಲ್ಲಿ ಬಾಕಿ ಕೆಲಸ. ಸಿಗಡಿಗೆ ಉಪ್ಪು, ಅರಿಶಿನ, ಖಾರದ ಪುಡಿ, ಅರ್ಧ ನಿಂಬೆ ರಸ ಹಚ್ಚಿಡಿ. ಹುಣಸೆ ಬಿಸಿನೀರಿಗೆ ಹಾಕಿ. ಸೊಪ್ಪು ತೊಳೆದು ಹೆಚ್ಚಿ. ಸೌತೆಕಾಯಿ, ಒಂದು ಈರುಳ್ಳಿ ತೆಳ್ಳಗೆ ಹೆಚ್ಚಿ ಉಪ್ಪು ನಿಂಬೆ ಹಾಕಿಡಿ. ಮೂರು ವಿಷಲ್ ಆದ ಮೇಲೆ ಕುಕ್ಕರ್ ಕೆಳಗಿಳಿಸಿ ಬಿಟ್ಟುಬಿಡಿ. ಪ್ರೆಷರ್ ತಾನಾಗೇ ಇಳಿಯೋಕೆ ಹತ್ತು ನಿಮಿಷ ಬೇಕು, ಅನ್ನ ಅರಳೋದೂ ಆಗಲೇ. ಆ ಹತ್ತು ನಿಮಿಷ ಸ್ಟವ್ ನಿಮ್ಮದು.

ಈಗ ಬಾಣಲೆ. ಒಂದು ಚಮಚ ಎಣ್ಣೆ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ, ಉಳಿದ ಈರುಳ್ಳಿ, ಮೇಲೆ ಸೊಪ್ಪು. ಮೂರು ನಿಮಿಷಕ್ಕೆ ಬಾಡುತ್ತೆ. ಕಾಯಿತುರಿ ಉದುರಿಸಿ ತೆಗೆದಿಡಿ. ಅದೇ ಬಾಣಲೆಗೆ ಹುಣಸೆ ರಸ, ಬೆಲ್ಲ, ಖಾರದ ಪುಡಿ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು ಹಾಕಿ ಮೂರು ನಿಮಿಷ ಕುದಿಸಿದರೆ ಗೊಜ್ಜು. ಅದನ್ನೂ ತೆಗೆದಿಡಿ. ಕೊನೆಗೆ ತವಾ. ಎಣ್ಣೆ ಚೆನ್ನಾಗಿ ಕಾದ ಮೇಲೆ ಕರಿಬೇವು, ಸಿಗಡಿ. ಒಂದೊಂದು ಮಗ್ಗುಲಿಗೆ ಎರಡೆರಡು ನಿಮಿಷ. ಸಿಗಡಿ ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಬಾಗಿದರೆ ಬೆಂದಿದೆ, 'ಓ' ಥರ ಪೂರ್ತಿ ಸುತ್ತಿಕೊಂಡರೆ ರಬ್ಬರ್ ಆಗಿದೆ. ಇಷ್ಟೇ ಪರೀಕ್ಷೆ, ಸಪ್ಲಿಮೆಂಟರಿ ಇಲ್ಲ.

ಬಟ್ಟಲಿನ ಅರ್ಧಕ್ಕೆ ಅನ್ನ, ಕಾಲು ಭಾಗ ಸೊಪ್ಪು ಸೌತೆ, ಕಾಲು ಭಾಗ ಸಿಗಡಿ, ಮೇಲೆ ಎರಡು ಚಮಚ ಗೊಜ್ಜು. 1200 ವ್ಯಾಟ್‌ನಲ್ಲಿ ಸ್ಟವ್ ಒಟ್ಟು ಇಪ್ಪತ್ತೆರಡು ನಿಮಿಷ ಉರಿದಿರುತ್ತೆ, ಅಂದ್ರೆ ಅರ್ಧ ಯೂನಿಟ್ಟಿಗೂ ಕಡಿಮೆ ಕರೆಂಟು.

ಸಿಗಡಿ ದುಬಾರಿ ಅನ್ನಿಸಿದ ವಾರ ಬಂಗುಡೆ ತನ್ನಿ. ಅಂಗಡಿಯಲ್ಲೇ ತಲೆ, ಹೊಟ್ಟೆ ತೆಗೆಸಿ, ಎರಡು ತುಂಡು ಮಾಡಿಸಿ. ಅದೇ ಮಸಾಲೆಗೆ ಸ್ವಲ್ಪ ಹುಣಸೆ ಸೇರಿಸಿ ಹಚ್ಚಿ, ತವಾದ ಮೇಲೆ ಮುಚ್ಚಳ ಮುಚ್ಚಿ ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ. ನಡುವಿನ ಮುಳ್ಳಿನಿಂದ ಮಾಂಸ ಪದರ ಪದರವಾಗಿ ಬಿಟ್ಟುಕೊಂಡರೆ ಆಯ್ತು. ಮುಳ್ಳು ತೆಗೆದು ಅನ್ನದ ಮೇಲೆ ಉದುರಿಸಿ. ಬಯಲುಸೀಮೆಯಿಂದ ಬಂದ ಗೆಳೆಯರಿಗೆ ಮುಳ್ಳಿನ ಭಯ ಇರುತ್ತೆ. ಅವರಿಗೆ ಮೊದಲು ಸಿಗಡಿ, ಆಮೇಲೆ ಬಂಗುಡೆ, ಕೊನೆಗೆ ಬೂತಾಯಿ. ಇದು ನಮ್ಮ ಸಿಲಬಸ್. ಮಂಡ್ಯದವನು ಒಂದೇ ಸೆಮಿಸ್ಟರಿನಲ್ಲಿ ಮೂರನ್ನೂ ಪಾಸ್ ಮಾಡಿದ್ದಾನೆ.

ಮೈಗೆ ಏನು ಸಿಗುತ್ತೆ

ಪರೀಕ್ಷೆ ಹತ್ರ ಬಂದಾಗ ನಮ್ಮ ಊಟ ಏನು ಅಂತ ಪ್ರಾಮಾಣಿಕವಾಗಿ ನೋಡಿ. ಬೆಳಿಗ್ಗೆ ಟೀ ಬಿಸ್ಕತ್ತು, ಮಧ್ಯಾಹ್ನ ಚಿತ್ರಾನ್ನ, ಸಂಜೆ ಪಫ್ಸು, ರಾತ್ರಿ ನೂಡಲ್ಸು. ಹೊಟ್ಟೆ ತುಂಬಿರುತ್ತೆ, ಪ್ರೋಟೀನ್ ಲೆಕ್ಕಕ್ಕೇ ಸಿಗಲ್ಲ. ನೂರು ಗ್ರಾಂ ಸಿಗಡಿಯಲ್ಲಾಗಲಿ ಬಂಗುಡೆ ಮಾಂಸದಲ್ಲಾಗಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಅಂದ್ರೆ ಮೂರು ಮೊಟ್ಟೆ ತಿಂದ ಹಾಗೆ. ಜಿಮ್ಮಿಗೆ ಹೋಗೋ ಗೆಳೆಯರು ಸಾವಿರಾರು ರೂಪಾಯಿ ಕೊಟ್ಟು ಪುಡಿ ಡಬ್ಬಿ ತರೋ ಮುಂಚೆ ಒಮ್ಮೆ ಮೀನಂಗಡಿ ಕಡೆ ತಿರುಗಿ ನೋಡಲಿ.

ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನುಗಳ ಇನ್ನೊಂದು ಹೆಚ್ಚುಗಾರಿಕೆ ಒಮೇಗಾ-3. ಅದರಲ್ಲೂ ಇಪಿಎ, ಡಿಎಚ್‌ಎ ಅನ್ನೋ ಎರಡು ಕೊಬ್ಬುಗಳನ್ನ ನಮ್ಮ ಮೈ ತಾನಾಗಿ ತಯಾರಿಸಿಕೊಳ್ಳೋದು ತೀರಾ ಕಡಿಮೆ. ಮಿದುಳು, ಕಣ್ಣಿನ ಜೀವಕೋಶಗಳಿಗೆ ಡಿಎಚ್‌ಎ ಬೇಕೇ ಬೇಕು. ವಾರಕ್ಕೆ ಎರಡು ಸಲ ಮೀನು ತಿನ್ನಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತೆ. ಒಂದು ಸಲಕ್ಕೆ ಅವರ ಲೆಕ್ಕ ಬೇಯಿಸಿದ ಮೀನು ಸುಮಾರು 85 ಗ್ರಾಂ. ನಮ್ಮ ಬಟ್ಟಲಿನ ಕಾಲು ಭಾಗ ಅಂದ್ರೆ ಅಷ್ಟೇ. ವಿಟಮಿನ್ ಡಿ, ಬಿ12 ಕೂಡ ಈ ಮೀನುಗಳಲ್ಲಿ ಚೆನ್ನಾಗಿದೆ. ಅಂಜಲ್, ಪಾಂಫ್ರೆಟ್ ತಂದು ಜೇಬು ಖಾಲಿ ಮಾಡ್ಕೊಳ್ಳೋ ಅಗತ್ಯವೂ ಇಲ್ಲ. ದೊಡ್ಡ ಬೇಟೆ ಮೀನುಗಳ ಮೈಯಲ್ಲಿ ಪಾದರಸ ಹೆಚ್ಚು ಸೇರಿಕೊಂಡಿರುತ್ತೆ, ಬೂತಾಯಿಯಂಥ ಸಣ್ಣವುಗಳಲ್ಲಿ ಕಡಿಮೆ. ಅಗ್ಗದ ಮೀನೇ ಒಳ್ಳೇ ಮೀನು, ಇಂಥ ಡೀಲ್ ಯಾವ ಆಪ್‌ನಲ್ಲೂ ಸಿಗಲ್ಲ.

ಆದರೆ 'ಹೆಲ್ದಿ' ಅನ್ನೋದು ಮೀನೊಬ್ಬನ ಜವಾಬ್ದಾರಿ ಅಲ್ಲ. ಅದೇ ಬಂಗುಡೆಯನ್ನ ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿದು, ತಟ್ಟೆ ತುಂಬ ಅನ್ನದ ಜೊತೆ ತಿಂದು, ಸೊಪ್ಪು ಮುಟ್ಟದೇ ಎದ್ದರೆ ಲೆಕ್ಕ ತಲೆಕೆಳಗಾಗುತ್ತೆ. ಸಿಗಡಿ, ಏಡಿ ಕೆಲವರಿಗೆ ಅಲರ್ಜಿ ಮಾಡುತ್ತೆ. ಜೀವನದಲ್ಲಿ ಮೊದಲ ಸಲ ತಿನ್ನೋರು ಸ್ವಲ್ಪವೇ ತಿಂದು ನೋಡಿ. ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಡ ಮಾಡದೆ ಆಸ್ಪತ್ರೆಗೆ.

ಮೀನು ತರೋದೂ ಒಂದು ವಿದ್ಯೆ

ಬೆಂಗಳೂರಿಗೆ ಸಮುದ್ರ ಇಲ್ಲ, ಆದ್ರೆ ಎರಡು ಕರಾವಳಿಯ ಮೀನೂ ಇಲ್ಲಿಗೆ ಬರುತ್ತೆ. ಪಶ್ಚಿಮದಿಂದ ಮಂಗಳೂರು, ಮಲ್ಪೆ, ಕಾರವಾರದ್ದು, ಪೂರ್ವದಿಂದ ತಮಿಳುನಾಡು, ಆಂಧ್ರದ್ದು. ಇದರಿಂದ ನಮಗೊಂದು ಅನುಕೂಲ ಇದೆ. ಮೀನು ಮರಿ ಮಾಡೋ ಕಾಲಕ್ಕೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ ಇರುತ್ತೆ. ಕರ್ನಾಟಕದಲ್ಲಿ ಅದು ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡೂ ಕಡೆಯ ದೊಡ್ಡ ದೋಣಿಗಳು ದಡದಲ್ಲೇ ಇರೋದು ಜೂನ್ ಮೊದಲ ಎರಡು ವಾರ. ಆಗ ಬೆಲೆ ಏರುತ್ತೆ, ಹಳೇ ದಾಸ್ತಾನು ಹೊರಗೆ ಬರುತ್ತೆ. ಆ ಹೊತ್ತಿಗೆ ಒಣಸಿಗಡಿ ಚಟ್ನಿ ಅನ್ನ ತಿನ್ನಿ, ಕರಾವಳಿಯ ಮನೆಗಳು ಮಳೆಗಾಲ ಕಳೆಯೋದೂ ಹಾಗೇ.

ಶಿವಾಜಿನಗರದ ರಸೆಲ್ ಮಾರ್ಕೆಟ್ 1927ರ ಕಟ್ಟಡ. ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿ ಬನ್ನಿ, ಕೊಳ್ಳದಿದ್ದರೂ ಪರವಾಗಿಲ್ಲ. ಹೆಸರುಗಳೇ ಒಂದು ಪಾಠ. ಬೂತಾಯಿಯನ್ನ ಕಾರವಾರದ ಕಡೆಯವರು ತಾರ್ಲೆ ಅಂತಾರೆ, ಮಲಯಾಳಿ ಅಂಗಡಿಯಲ್ಲಿ ಅದು ಮತ್ತಿ. ಬಂಗುಡೆ ಅಲ್ಲಿ ಅಯಲ. ಸಿಗಡಿಗೆ ನಮ್ಮ ಕುಂದಾಪುರದವನು ಚಟ್ಲಿ ಅಂತಾನೆ, ತುಳುವಿನಲ್ಲಿ ಎಟ್ಟಿ. ಹೆಸರು ಯಾವುದೇ ಇರಲಿ, ತಾಜಾ ಮೀನಿನ ಗುರುತು ಒಂದೇ: ಕಣ್ಣು ಉಬ್ಬಿ ಹೊಳೀತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಸಿಗಡಿಯ ತಲೆ ಮೈಗೆ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಕಪ್ಪು ಕಲೆ ಇರಬಾರದು.

ಇಲ್ಲಿ ಎರಡು ಎಚ್ಚರಿಕೆ, ತಮಾಷೆ ಬಿಟ್ಟು. ಒಂದು: ಬಂಗುಡೆ, ಬೂತಾಯಿ, ಕೇದರದಂಥ ಮೀನು ಬಿಸಿಲಲ್ಲಿ, ಸೆಕೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನೋ ವಸ್ತು ಸೇರಿಕೊಳ್ಳುತ್ತೆ. ತಿಂದವರಿಗೆ ಮುಖ ಕೆಂಪಾಗಿ, ತಲೆನೋವು, ತುರಿಕೆ ಬರುತ್ತೆ. ಎಷ್ಟು ಬೇಯಿಸಿದರೂ ಅದು ಹೋಗಲ್ಲ. ಹಾಗಾಗಿ ಐಸ್ ಮೇಲಿರೋ ಮೀನನ್ನೇ ತಗೊಳ್ಳಿ, ಕವರಿಗೂ ಒಂದು ಹಿಡಿ ಐಸ್ ಹಾಕಿಸಿಕೊಳ್ಳಿ, ನೇರ ರೂಮಿಗೆ ಬನ್ನಿ. ಫ್ರಿಜ್ ಇಲ್ಲದವರು ಆ ಹೊತ್ತಿಗೆ ಬೇಕಾದಷ್ಟೇ ತನ್ನಿ. ಎರಡು: ಅನ್ನ. ಅಕ್ಕಿಯಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಸಾಯಲ್ಲ. ರಾತ್ರಿಯಿಡೀ ಕುಕ್ಕರಿನಲ್ಲೇ ಬಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಉಳಿಯುತ್ತೆ. 'ನಿನ್ನೆ ತಿಂದ ಮೀನು ಸರಿ ಇರ್ಲಿಲ್ಲ' ಅಂತ ಮೀನನ್ನ ಬೈಯೋ ಮುಂಚೆ ಅನ್ನ ಎಷ್ಟು ಹಳೇದು ಅಂತ ಕೇಳಿಕೊಳ್ಳಿ.

ವಾಸನೆಯ ಕೆಮಿಸ್ಟ್ರಿ

ಈಗ ಎಲ್ಲರೂ ಕಾಯ್ತಿರೋ ವಿಷಯಕ್ಕೆ ಬರೋಣ. ಮೀನು ವಾಸನೆ. ಸಮುದ್ರದ ಉಪ್ಪನ್ನ ತಡ್ಕೊಳ್ಳೋಕೆ ಮೀನುಗಳು ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಇಟ್ಕೊಂಡಿರುತ್ತವೆ. ಅದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನ ಟ್ರೈಮೀಥೈಲಮೀನ್ ಆಗಿ ಒಡೆಯುತ್ತೆ, ಮೂಗಿಗೆ ಹೊಡೆಯೋದು ಅದು. ಅಂದ್ರೆ ವಾಸನೆ ಜೋರಾಗಿದ್ದರೆ ಮೀನು ಹಳೇದು ಅಂತಲೇ ಅರ್ಥ, ತಾಜಾ ಮೀನಿಗೆ ಸಮುದ್ರದ ಗಾಳಿಯಷ್ಟೇ ವಾಸನೆ. ಈ ಅಮೀನ್ ಒಂದು ಪ್ರತ್ಯಾಮ್ಲ. ಆಮ್ಲ ಸೇರಿಸಿದರೆ ಲವಣವಾಗಿ ಅಲ್ಲೇ ಕೂರುತ್ತೆ, ಗಾಳಿಗೆ ಹಾರಲ್ಲ. ಕರಾವಳಿಯಲ್ಲಿ ಹುಣಸೆ, ಮುರುಗಲು, ನಿಂಬೆ, ಮಾವಿನಕಾಯಿ ಇಲ್ಲದೆ ಮೀನಿನಡುಗೆ ಇಲ್ಲ ಅನ್ನೋದು ಸುಮ್ಮನೆ ಬಂದದ್ದಲ್ಲ. ಪಿಯುಸಿಯಲ್ಲಿ ಸಿಇಟಿಗೋಸ್ಕರ ಉರು ಹೊಡೆದ ಆಸಿಡ್-ಬೇಸ್ ರಿಯಾಕ್ಷನ್ ಅಜ್ಜಿಯಂದಿರ ಬಾಣಲೆಯಲ್ಲಿ ದಿನಾ ನಡೀತಿತ್ತು. ಮಂಡ್ಯದವನ ಕೆರೆ ಮೀನಿನ ಮಣ್ಣು ವಾಸನೆಗೆ ಕಾರಣ ಬೇರೆ, ಅದು ಜಿಯೋಸ್ಮಿನ್. ಮೊದಲ ಮಳೆ ಬಿದ್ದಾಗ ನೆಲದಿಂದ ಏಳೋ ಪರಿಮಳಕ್ಕೂ ಅದೇ ಕಾರಣ. ನೆಲದಿಂದ ಬಂದರೆ ಕವಿತೆ, ಮೀನಿಂದ ಬಂದರೆ ಛೀ ಅಂತೀವಿ.

ಹಾಗಾದ್ರೆ ರೂಮಿನಲ್ಲಿ ಏನು ಮಾಡೋದು? ಕ್ಲೀನಿಂಗ್ ಅಂಗಡಿಯಲ್ಲೇ ಮಾಡಿಸಿ, ತಲೆ ಹೊಟ್ಟೆ ಮನೆಗೆ ತರಬೇಡಿ. ತೊಳೆದ ನೀರನ್ನ ಸಿಂಕಿಗೆ ಸುರಿಯೋ ಬದಲು ಗಿಡಕ್ಕೆ ಹಾಕಿ, ಕರಾವಳಿಯಲ್ಲಿ ಕರಿಬೇವಿನ ಬುಡಕ್ಕೆ ಹೋಗೋದು ಅದೇ ನೀರು. ಕಿಟಕಿ ತೆರೆದಿಡಿ. ತವಾವನ್ನ ಬೆಳಿಗ್ಗೆ ತೊಳೆಯೋಣ ಅನ್ನಬೇಡಿ, ಊಟ ಮುಗಿದ ತಕ್ಷಣ ಹುಣಸೆ ಚರಟದಲ್ಲಿ ಉಜ್ಜಿ. ಮುಳ್ಳು, ಸಿಪ್ಪೆ ಪೇಪರಿನಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕಿ, ರಾತ್ರಿಯಿಡೀ ಒಳಗೆ ಇಡಬೇಡಿ. ಇಷ್ಟು ಮಾಡಿದರೆ ಅರ್ಧ ಗಂಟೆಯಲ್ಲಿ ಒಗ್ಗರಣೆ ವಾಸನೆ ಬಿಟ್ಟು ಬೇರೇನೂ ಉಳಿಯಲ್ಲ. ಒಣಮೀನು ಮಾತ್ರ ಬೇರೆ, ಅದನ್ನ ಹುರಿದರೆ ಇಡೀ ಬೀದಿಗೆ ಆಮಂತ್ರಣ ಕೊಟ್ಟ ಹಾಗೆ. ಅದನ್ನ ಊರಲ್ಲೇ ಹುರಿದು ಪುಡಿ ಮಾಡಿ ಬಾಟಲಿಯಲ್ಲಿ ತನ್ನಿ.

ಒಂದೇ ಅಡುಗೆಮನೆ, ನಾಲ್ಕು ಬಟ್ಟಲು

ಈಗ ಗದಗಿನವನ ಸಹಿಯ ಕಥೆ. ಮೇಲೆ ಹೇಳಿದ ಕ್ರಮವನ್ನ ಇನ್ನೊಮ್ಮೆ ನೋಡಿ. ಅನ್ನ, ಸೌತೆ, ಸೊಪ್ಪು, ಗೊಜ್ಜು ಎಲ್ಲ ಆದ ಮೇಲೆ ಕೊನೆಗೆ, ಬೇರೆ ತವಾದಲ್ಲಿ ಮೀನು. ಆ ಹಂತಕ್ಕೆ ಮುಂಚೆ ಅವನ ಬಟ್ಟಲು ತುಂಬಿರುತ್ತೆ. ಅವನು ಮೇಲೆ ಮೊಳಕೆ ಹೆಸರುಕಾಳು ಹಾಕ್ಕೊಂಡು, ಊರಿಂದ ತಂದ ಶೇಂಗಾ ಹಿಂಡಿ ಉದುರಿಸಿಕೊಂಡು, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟುಕೊಳ್ತಾನೆ. ನಾವು ಮೂವರು ಸಿಗಡಿ ಹಾಕ್ಕೋತೀವಿ. ದಾವಣಗೆರೆಯವನಿಗೆ ಮನೇಲಿ ವ್ರತ ಇರೋ ವಾರ ಅವನೂ ಹೆಸರುಕಾಳಿನ ಕಡೆ ಹೋಗ್ತಾನೆ. ಯಾರಿಗೂ ಎರಡನೇ ಅಡುಗೆ ಮಾಡಬೇಕಾಗಿಲ್ಲ, ಯಾರೂ ಮೊಸರನ್ನ ತಿಂದು ಮಲಗಬೇಕಾಗಿಲ್ಲ.

ಸಾರಿನಲ್ಲಿ ಇದು ಆಗಲ್ಲ. ಸಾರಿಗೆ ಮೀನು ಬಿತ್ತು ಅಂದ್ರೆ ಇಡೀ ಪಾತ್ರೆ ಮೀನಿನದ್ದು. ಬಿರಿಯಾನಿಯಲ್ಲೂ ಅಷ್ಟೇ. ಬಟ್ಟಲೂಟದಲ್ಲಿ ಮುಕ್ಕಾಲು ಭಾಗ ಎಲ್ಲರದ್ದು, ಕೊನೆಯ ಕಾಲು ಭಾಗ ಅವರವರದ್ದು. ನಮ್ಮ ಮನೆಯ ನಿಯಮ ಎರಡೇ: ತವಾಕ್ಕೆ, ಅದರ ಸೌಟಿಗೆ ನೀಲಿ ಟೇಪ್ ಅಂಟಿಸಿದೆ, ಅದು ಬಾಣಲೆಯ ಪಕ್ಕ ಸೇರಲ್ಲ. ಮೀನು ತಿಂದವರೇ ಮೀನಿನ ಪಾತ್ರೆ ತೊಳೀಬೇಕು. 'ಎಲ್ಲಾ ಬರೊಬ್ಬರಿ ಅದ ನೋಡಪಾ, ನನಗೇನ್ ತ್ರಾಸಿಲ್ಲ' ಅನ್ನೋದು ಗದಗಿನವನ ತೀರ್ಪು. ನಾವು ಸಿಗಡಿ ಕ್ಲೀನ್ ಮಾಡಿಸಿಕೊಂಡು ಬರೋವರೆಗೆ ಸೊಪ್ಪು ಬಿಡಿಸಿ ಇಟ್ಟಿರೋನೂ ಅವನೇ.

ಇದನ್ನ ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಕರಾವಳಿಯಿಂದ ಬಂದ ಜೂನಿಯರ್‌ಗಳು ಮನೆಯಿಂದ ತಂದ ಸಿಗಡಿ ಚಟ್ನಿಯನ್ನ ಸೂಟ್‌ಕೇಸಿನ ತಳದಲ್ಲೇ ಇಟ್ಟು ತಿಂಗಳು ಕಳೆಯೋದನ್ನ ನಾವು ನೋಡಿದ್ದೀವಿ. ಬಾಟಲಿ ತೆಗೆದ ತಕ್ಷಣ 'ಏನೋ ಇದು ಗಬ್ಬು' ಅಂತ ಯಾರೋ ಮೂಗು ಮುಚ್ಚಿರ್ತಾರೆ, ಆಮೇಲೆ ಅವರು ಅದನ್ನ ತೆಗೆಯೋದೇ ಇಲ್ಲ. ಅತ್ತ ಸಸ್ಯಾಹಾರಿ ಗೆಳೆಯರಿಗೆ 'ಹುಲ್ಲು ತಿನ್ನೋನು' ಅನ್ನೋ ಬಿರುದು, ಅವರ ತಟ್ಟೆಯ ಪಕ್ಕದಲ್ಲೇ ಬೇಕಂತ ಮೂಳೆ ಇಡೋ ಚೇಷ್ಟೆ. ಎರಡೂ ಒಂದೇ ಜಾತಿಯ ಕೆಟ್ಟತನ. ಒಬ್ಬರ ಅಮ್ಮ ಕಳಿಸಿದ ಊಟಕ್ಕೆ ಛೀ ಅನ್ನೋ ಹಕ್ಕು ಯಾರಿಗೂ ಇಲ್ಲ, ಇನ್ನೊಬ್ಬರ ತಟ್ಟೆಯನ್ನ ಕೆಡಿಸೋ ಹಕ್ಕೂ ಇಲ್ಲ. ಕನ್ನಡ ಸಂಘದಲ್ಲಿ ನಾವೆಲ್ಲ ಒಂದು ಅಂತ ನವೆಂಬರಿನಲ್ಲಿ ಬಾವುಟ ಹಾರಿಸೋದು ಸುಲಭ. ಕಾರವಾರದಿಂದ ಕೋಲಾರದವರೆಗಿನ ನಾಲಿಗೆಗಳು ಒಂದು ಅಡುಗೆಮನೆಯಲ್ಲಿ ಹೊಂದಿಕೊಳ್ಳೋದು ಅದಕ್ಕಿಂತ ಕಷ್ಟ, ಅದಕ್ಕಿಂತ ಮುಖ್ಯ.

ಬಾಡಿಗೆ ಮನೆಗಳ ವಿಷಯದಲ್ಲಿ ನಮ್ಮ ನಿಲುವು ಹೀಗಿದೆ. 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಬೋರ್ಡು ನಮಗೂ ಬೇಸರ ತರುತ್ತೆ. ಆದರೂ ಮಾಲೀಕರು ಕೆಳಗಡೆ ವಾಸ ಇರೋ ಮನೆಗೆ ಸುಳ್ಳು ಹೇಳಿ ಸೇರಿ, ಬಾಗಿಲು ಹಾಕ್ಕೊಂಡು ಕದ್ದು ಮೀನು ಹುರಿಯೋದು ಸರಿಯಲ್ಲ. ಮೊದಲೇ ಕೇಳಿ. ಆಗಲ್ಲ ಅಂದ್ರೆ ನಮಸ್ಕಾರ ಹೇಳಿ ಮುಂದಿನ ಮನೆ ನೋಡಿ. ಒಪ್ಪೋ ಮಾಲೀಕರು ನಾವಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಪ್ರತಿ ವರ್ಷ ಹೊಸಬರಿಗೆ ಸಂಘ ಹಂಚೋ ರೂಮುಗಳ ಪಟ್ಟಿಯಲ್ಲಿ 'ಮೀನಿನ ಅಡುಗೆಗೆ ಒಪ್ಪಿಗೆ ಇದೆ/ಇಲ್ಲ' ಅನ್ನೋ ಒಂದು ಕಾಲಂ ಸೇರಿಸಿದರೆ ಎರಡೂ ಕಡೆಯವರ ಮುಜುಗರ ತಪ್ಪುತ್ತೆ.

ಹಾಸ್ಟೆಲ್ ವಿಷಯ ಬೇರೆ. ಅದು ಯಾರದೋ ಮನೆ ಅಲ್ಲ, ನಮ್ಮ ಫೀಸಿನಲ್ಲಿ ನಡೆಯೋದು. ರೂಮಿನೊಳಗೆ ಇಂಡಕ್ಷನ್ ಬೇಡ ಅನ್ನೋ ನಿಯಮಕ್ಕೆ ನಮ್ಮ ತಕರಾರಿಲ್ಲ. 2000 ವ್ಯಾಟಿನ ಸ್ಟವ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ, ರೂಮಿನ 6 ಆಂಪಿಯರ್ ಸಾಕೆಟ್ಟಿಗೆ ಅದನ್ನ ಸಿಕ್ಕಿಸೋದು ಹುಚ್ಚುತನ ಅಂತ ಎಲೆಕ್ಟ್ರಿಕಲ್ ಬ್ರಾಂಚಿನವರೇ ಹೇಳ್ತಾರೆ. ಆದ್ದರಿಂದಲೇ ನಮ್ಮ ಬೇಡಿಕೆ: ಪ್ರತಿ ಬ್ಲಾಕಿಗೆ ಒಂದು ಪುಟ್ಟ ಪ್ಯಾಂಟ್ರಿ. 16 ಆಂಪಿಯರ್ ಪಾಯಿಂಟಿನ ಎರಡು ಸ್ಟವ್, ಅದರಲ್ಲೊಂದು ಪೂರ್ತಿ ಸಸ್ಯಾಹಾರಕ್ಕೆ. ಒಂದು ಎಕ್ಸಾಸ್ಟ್ ಫ್ಯಾನ್, ಒಂದು ಸಿಂಕು, ಒಂದು ಫ್ರಿಜ್, ಮುಚ್ಚಳ ಇರೋ ಕಸದ ಡಬ್ಬಿ. ಬಳಸೋ ಹೊತ್ತು ಬರೆಯೋಕೆ ಒಂದು ಪುಸ್ತಕ, ಕೊಳಕು ಮಾಡಿದವರಿಗೆ ದಂಡ. ಇದೇನು ಐಷಾರಾಮದ ಬೇಡಿಕೆ ಅಲ್ಲ. ನಾಲ್ಕು ವರ್ಷ ಓದಿ ಹೊರಗೆ ಹೋಗೋ ಹೊತ್ತಿಗೆ ತನ್ನ ಊಟ ತಾನು ಬೇಯಿಸಿಕೊಳ್ಳೋಕೆ ಬರದಿರೋ ಇಂಜಿನಿಯರ್ ಅರ್ಧ ಇಂಜಿನಿಯರ್. ಹುಡುಗರೇ, ಈ ಮಾತು ನಮಗೇ ಹೆಚ್ಚು ಅನ್ವಯ. ಮನೆಯಲ್ಲಿ ಅಮ್ಮ, ಅಕ್ಕ ಮಾಡಿ ಹಾಕ್ತಾರೆ ಅನ್ನೋ ಕಾಲ ಮುಗಿದಿದೆ, ಮುಗಿಯಲೂ ಬೇಕು.

ಪ್ಯಾಂಟ್ರಿ ಕೋರಿಕೆಯ ಅರ್ಜಿ ಸಂಘದ ಕೋಣೆಯ ಮೇಜಿನ ಮೇಲಿದೆ. ತಿನ್ನೋರು, ತಿನ್ನದೋರು ಇಬ್ಬರೂ ಬಂದು ಸಹಿ ಹಾಕಿ. ಅಷ್ಟರೊಳಗೆ ಸ್ಟವ್ ಇರೋರು ಈ ಭಾನುವಾರವೇ ಶುರು ಮಾಡಿ. ಮೊದಲ ಸಲಕ್ಕೆ ಕಾಲು ಕೆ.ಜಿ. ಸಿಗಡಿ ಸಾಕು. ರೂಮ್‌ಮೇಟ್ ಮೀನು ತಿನ್ನಲ್ವಾ? ಅವರ ಬಟ್ಟಲು ಮೊದಲು ತುಂಬಿ ಕೊಡಿ, ಆಮೇಲೆ ತವಾ ಇಡಿ.